ಮೊದಲ ಏಳು ದಿನದ ಅನ್ನ

ಬಾಯಾರು, ಕಾಸರಗೋಡು ಜಿಲ್ಲೆ

ಭ್ರೂಣ ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯ ತಮ್ಮಂದಿರಿಗೆ, ತಂಗಿಯರಿಗೆ,



ಕಳೆದ ಆಟಿ ತಿಂಗಳಲ್ಲಿ ನಮ್ಮ ಹಟ್ಟಿಯಲ್ಲಿ ಕೆಂಪಿ ಕರು ಹಾಕಿತು. ಕೆಂಪಿ ಕಾಸರಗೋಡು ಗಿಡ್ಡ ತಳಿಯ ಹಸು. ಎತ್ತರ ನನ್ನ ಸೊಂಟಕ್ಕೆ ಬಂದರೆ ಹೆಚ್ಚು. ಹೊರಗೆ ಜಡಿಮಳೆ, ಕರೆಂಟಿಲ್ಲ. ಟಾರ್ಚು ಹಿಡಿದು ನಿಂತದ್ದು ಬಿಟ್ಟರೆ ನಾನು ಮಾಡಿದ ಸಹಾಯ ಏನೂ ಇಲ್ಲ. ಮೊದಲು ಮುಂಗಾಲು ಎರಡು, ಅದರ ಮೇಲೆ ಮೂತಿ, ಆಮೇಲೆ ಒಂದೇ ಸಲಕ್ಕೆ ಇಡೀ ಕರು ಬೈಹುಲ್ಲಿನ ಮೇಲೆ ಜಾರಿ ಬಂತು. ಕೆಂಪಿ ಅದನ್ನು ನೆಕ್ಕಿ ನೆಕ್ಕಿ ಒಣಗಿಸಿತು. ಸ್ವಲ್ಪ ಹೊತ್ತಿನಲ್ಲಿ ಅದು ನಾಲ್ಕೂ ಕಾಲು ನಡುಗಿಸುತ್ತ ಎದ್ದು ಮೊಲೆ ಹುಡುಕಿತು. ಬೆಳಿಗ್ಗೆ ನೋಡಲು ಬಂದ ಕೆಳಮನೆಯ ಮಾವ ಗಿಣ್ಣಿನ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: “ಇನ್ನು ಗಿಡ್ಡಕ್ಕೂ ಟೆಸ್ಟ್ ಟ್ಯೂಬ್ ಕರು ಬರ್ತದಂತಲ್ಲ. ನೀನು ಅದೇ ಕೆಲಸ ಮಾಡಿದ್ದಲ್ಲವಾ? ಅಲ್ಲಿ ಇರುವಷ್ಟು ದಿನ ಅದಕ್ಕೆ ಎಂತ ತಿನ್ನಲಿಕ್ಕೆ ಕೊಡ್ತಾರೆ?”

ಜಗಲಿಯಲ್ಲಿ ಕೂತು ನಾನು ಕೊಟ್ಟ ಉತ್ತರ ಮಾವನಿಗೆ ಸಾಕಾಯಿತು. ನನಗೆ ಸಾಕಾಗಲಿಲ್ಲ. ಆ ಪ್ರಶ್ನೆಗೆ ಇನ್ನು ಮುಂದೆ ಉತ್ತರ ಕೊಡಬೇಕಾದವರು ನೀವು. ಹಾಗಾಗಿ ಈ ಪತ್ರ.

ದೂರದ ನಗರವೊಂದರ ಪ್ರಯೋಗಾಲಯದಲ್ಲಿ 22 ವರ್ಷ ಭ್ರೂಣ ಬೆಳೆಸುವ ದ್ರವ ತಯಾರಿಸುವುದೇ ನನ್ನ ಕೆಲಸವಾಗಿತ್ತು. ನೀವೂ ನಾವೂ ಮೀಡಿಯಾ ಎಂದು ಕರೆಯುವ ದ್ರವ. ಕಸಾಯಿಖಾನೆಯಿಂದ ಎಮ್ಮೆಯ ಅಂಡಾಶಯಗಳು ಉಗುರುಬೆಚ್ಚಗಿನ ಉಪ್ಪುನೀರು ತುಂಬಿದ ಥರ್ಮಾಸಿನಲ್ಲಿ ಬರುತ್ತಿದ್ದವು. ಅವುಗಳಿಂದ ಅಂಡಾಣು ತೆಗೆದು, ಒಂದು ಇಡೀ ದಿನ ಬಲಿಯಲು ಬಿಟ್ಟು, ವೀರ್ಯದೊಂದಿಗೆ ಸೇರಿಸಿ, ಆಮೇಲೆ ಏಳು ದಿನ ನನ್ನ ಮೀಡಿಯಾದ ಹನಿಯೊಳಗೆ ಇಡುತ್ತಿದ್ದರು. ಎಣ್ಣೆಯ ಕೆಳಗೆ 50 ಮೈಕ್ರೋಲೀಟರಿನ ಒಂದು ಹನಿ, ಕಡಲೆಕಾಳಿಗಿಂತ ಚಿಕ್ಕದು. ಅದರೊಳಗೆ ಆ ಜೀವಕ್ಕೆ ಬೇಕಾದದ್ದೆಲ್ಲ ಇರಬೇಕು, ಬೇಡದ್ದು ಯಾವುದೂ ಇರಬಾರದು. ಈ ಎರಡನೆಯ ಮಾತನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು.

ಹಸುವಿನ ಹೊಟ್ಟೆಯಲ್ಲಾದರೆ ಭ್ರೂಣ ಮೊದಲ ನಾಲ್ಕು ದಿನದಷ್ಟು ಕಾಲ ಅಂಡನಾಳದಲ್ಲಿ ಇರುತ್ತದೆ, ಆಮೇಲೆ ಗರ್ಭಕೋಶಕ್ಕೆ ಇಳಿಯುತ್ತದೆ. ಏಳನೆಯ ದಿನಕ್ಕೆ ಅದು ನೀರು ತುಂಬಿದ ಸಣ್ಣ ಗುಳ್ಳೆಯಂತಾಗುತ್ತದೆ, ಅದೇ ಬ್ಲಾಸ್ಟೋಸಿಸ್ಟ್. ಅಷ್ಟು ದಿನವೂ ತಾಯಿ ಅದಕ್ಕೆ ಹೊಟ್ಟೆ ತುಂಬ ಬಡಿಸುವುದಿಲ್ಲ. ಅಂಡನಾಳದ ದ್ರವದಲ್ಲಿ ಗ್ಲೂಕೋಸ್ ರಕ್ತದಲ್ಲಿರುವುದಕ್ಕಿಂತ ತುಂಬ ಕಡಿಮೆ. ಪೈರುವೇಟ್, ಲ್ಯಾಕ್ಟೇಟ್, ಒಂದಷ್ಟು ಅಮೈನೋ ಆಮ್ಲ; ಗಾಳಿಯಲ್ಲಿ ನೂರಕ್ಕೆ 21 ಪಾಲು ಇರುವ ಆಮ್ಲಜನಕ ಅಲ್ಲಿ ಅದಕ್ಕಿಂತ ತುಂಬ ಕಡಿಮೆ. ಬಾಣಂತಿಗೆ ಪಥ್ಯ ಇರುವಂತೆ ಭ್ರೂಣಕ್ಕೂ ಒಂದು ಪಥ್ಯ ಇದೆ. ಅದನ್ನು ತಿಳಿಯದೆ ನಮ್ಮ ಹಿಂದಿನವರು ಎಷ್ಟು ಕಷ್ಟಪಟ್ಟರು ಎನ್ನುವುದನ್ನು ನೀವು ಪರೀಕ್ಷೆಗಾಗಿ ಓದಿದ್ದೀರಿ. ಇನ್ನೊಮ್ಮೆ, ಹಟ್ಟಿಯ ಮೆಟ್ಟಿಲಲ್ಲಿ ಕೂತು ಓದಬೇಕು ಎಂದು ನನ್ನ ಆಸೆ.

1949ರಲ್ಲಿ ಕೇಂಬ್ರಿಜಿನ ಜಾನ್ ಹ್ಯಾಮಂಡ್ ಕೋಳಿಮೊಟ್ಟೆ ಬೆರೆಸಿದ ಉಪ್ಪುನೀರಿನಲ್ಲಿ ಇಲಿಯ 8 ಕೋಶದ ಭ್ರೂಣಗಳನ್ನು ಬ್ಲಾಸ್ಟೋಸಿಸ್ಟ್ ಮಾಡಿದರು. 1956ರಲ್ಲಿ ಆಸ್ಟ್ರೇಲಿಯದ ವೆಸ್ಲಿ ವಿಟನ್ ಮೊಟ್ಟೆಯನ್ನು ಬಿಟ್ಟು, ಲೆಕ್ಕ ಹಾಕಿದ ಲವಣಗಳು, ಗ್ಲೂಕೋಸ್ ಮತ್ತು ಆಲ್ಬುಮಿನ್‌ನಲ್ಲಿ ಅದೇ ಕೆಲಸ ಮಾಡಿ ತೋರಿಸಿದರು. ಎರಡು ವರ್ಷದಲ್ಲಿ ಆನ್ ಮೆಕ್ಲಾರೆನ್ ಮತ್ತು ಜಾನ್ ಬಿಗರ್ಸ್ ಹಾಗೆ ಬೆಳೆಸಿದ ಭ್ರೂಣಗಳನ್ನು ತಾಯಿ ಇಲಿಗಳ ಗರ್ಭದಲ್ಲಿಟ್ಟು ಮರಿಗಳನ್ನು ಪಡೆದರು. ಆದರೆ ಇನ್ನೂ ಎಳೆಯ ಭ್ರೂಣಗಳನ್ನು ತೆಗೆದು ಬೆಳೆಸಹೊರಟರೆ ಅವು 2 ಕೋಶಗಳಿಗೇ ನಿಂತುಬಿಡುತ್ತಿದ್ದವು. ಹ್ಯಾಮ್‌ಸ್ಟರ್‌ನಲ್ಲೂ 2ಕ್ಕೇ ತಡೆ, ಹಂದಿಯಲ್ಲಿ 4ಕ್ಕೆ, ದನದಲ್ಲಿ 8ರಿಂದ 16ಕ್ಕೆ. ಇಲ್ಲಿ ನೀವು ಮರೆಯಬಾರದ ಒಂದು ಸಂಗತಿ ಇದೆ: ಕೆಲವು ಇಲಿತಳಿಗಳ ಬೆರಕೆಯಿಂದ ಹುಟ್ಟಿದ ಭ್ರೂಣಗಳು ಅದೇ ದ್ರವದಲ್ಲಿ ತಡೆಯಿಲ್ಲದೆ ದಾಟಿದವು, ಬೇರೆ ತಳಿಯವು ನಿಂತವು. ದ್ರವ ಒಂದೇ, ಪ್ರಾಣಿ ಒಂದೇ, ತಳಿ ಮಾತ್ರ ಬೇರೆ. ಜೆರ್ಸಿಗೆ, ಹೊಲ್‌ಸ್ಟೀನಿಗೆ ಹೊಂದಿದ ಮೀಡಿಯಾ ನಮ್ಮ ಗಿಡ್ಡಕ್ಕೂ ಹೊಂದಿಯೇ ಹೊಂದುತ್ತದೆ ಎಂದು ಯಾರಾದರೂ ಹೇಳಿದರೆ, ಈ ಇಲಿಗಳನ್ನು ನೆನಪಿಸಿಕೊಳ್ಳಿ.

ಆ ತಡೆಯನ್ನು ಒಡೆದ ಕತೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಭ್ರೂಣಗಳ ಮೇಲೆ ಕೆಲಸ ಮಾಡಿದ ಪಿ. ಬಿ. ಶೇಷಗಿರಿಯವರು ಅದಕ್ಕೂ ಮುಂಚೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬ್ಯಾರಿ ಬ್ಯಾವಿಸ್ಟರ್ ಅವರೊಂದಿಗೆ ಹ್ಯಾಮ್‌ಸ್ಟರ್ ಭ್ರೂಣಗಳನ್ನು ಹಿಡಿದು ಕೂತವರು. ಬ್ಯಾವಿಸ್ಟರ್ ತಂಡ 1988ರಲ್ಲಿ, ಹ್ಯಾಮ್‌ಸ್ಟರ್ ಭ್ರೂಣ 2 ಕೋಶಕ್ಕೆ ನಿಲ್ಲಲು ಮೀಡಿಯಾದಲ್ಲಿ ಏನೋ ಕಡಿಮೆಯಾದದ್ದು ಕಾರಣವಲ್ಲ, ನಾವೇ ಹಾಕಿದ ಗ್ಲೂಕೋಸ್ ಮತ್ತು ಫಾಸ್ಫೇಟ್ ಕಾರಣ ಎಂದು ತೋರಿಸಿತ್ತು. 1989ರಲ್ಲಿ ಶೇಷಗಿರಿ ಮತ್ತು ಬ್ಯಾವಿಸ್ಟರ್ 8 ಕೋಶದ ಭ್ರೂಣವನ್ನೂ ಗ್ಲೂಕೋಸ್ ತಡೆಯುತ್ತದೆ, ಆ ತಡೆಗೆ ಫಾಸ್ಫೇಟ್ ಜೊತೆಗಿರಬೇಕು ಎಂದು ಬಿಡಿಸಿ ಹೇಳಿದರು. 1991ರಲ್ಲಿ ಕಾರಣವೂ ಸಿಕ್ಕಿತು: ಇವೆರಡೂ ಕೂಡಿದರೆ ಭ್ರೂಣ ಸಕ್ಕರೆ ಒಡೆಯುವ ಭರದಲ್ಲಿ ತನ್ನ ಉಸಿರಾಟವನ್ನೇ ತಗ್ಗಿಸಿಕೊಳ್ಳುತ್ತದೆ.

ಸಕ್ಕರೆ, ಫಾಸ್ಫೇಟ್ ಎಂದರೆ ಯಾವ ಜೀವಕೋಶಕ್ಕೂ ಬೇಕೇಬೇಕು ಎಂದು ಎಲ್ಲರೂ ನಂಬಿದ್ದ ವಸ್ತುಗಳು. ಅವನ್ನು ಪಾತ್ರೆಯಿಂದ ಹೊರಗಿಡಲು ಎಷ್ಟು ಧೈರ್ಯ ಬೇಕಿತ್ತು, ಯೋಚಿಸಿ. ಭ್ರೂಣ ಸತ್ತಾಗಲೆಲ್ಲ ಇನ್ನೇನು ಸೇರಿಸಲಿ ಎಂದೇ ನಮ್ಮ ಕೈ ಕಪಾಟಿನ ಕಡೆ ಹೋಗುತ್ತದೆ. ಒಂದು ವಿಟಮಿನ್, ಒಂದು ಹಾರ್ಮೋನ್, ಇನ್ನಷ್ಟು ಸೀರಂ. ಏನು ತೆಗೆಯಲಿ ಎಂದು ಮೊದಲು ಕೇಳಿದವರಿಂದ ನಮ್ಮ ಈ ಶಾಸ್ತ್ರ ಮುಂದೆ ಹೋಯಿತು. ಅದೇ 1989ರಲ್ಲಿ ಇಲಿಗೂ ಗ್ಲೂಕೋಸ್ ಇಲ್ಲದೆ, ಗ್ಲುಟಮಿನ್ ಹಾಕಿದ ಮೀಡಿಯಾ ಬಂತು. ಹಟಮಾರಿ ತಳಿಗಳೂ 2 ಕೋಶ ದಾಟಿದವು. ಆಮೇಲೆ ಆ ಗ್ಲುಟಮಿನ್ ಬೆಚ್ಚಗಿನ ಇನ್‌ಕ್ಯುಬೇಟರಿನಲ್ಲಿ ಮುರಿದು ಅಮೋನಿಯ ಆಗುತ್ತದೆ ಎಂದು ತಿಳಿದು, ಬೇಗ ಮುರಿಯದಂತೆ ಇನ್ನೊಂದು ಅಮೈನೋ ಆಮ್ಲದೊಂದಿಗೆ ಜೋಡಿಸಿದ ರೂಪದಲ್ಲಿ ಅದನ್ನು ಹಾಕುವುದು ರೂಢಿಯಾಯಿತು. ಹೀಗೆ ಒಂದೊಂದು ಮೆಟ್ಟಿಲು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಅದು ಮೀಡಿಯಾಕ್ಕೆ ನಾವು ಬೆರೆಸುವ ಸೀರಂ.

ಕರುವಿನ ಸೀರಂ ಎಲ್ಲಿಂದ ಬರುತ್ತದೆ ಎಂದು ನಿಮ್ಮಲ್ಲಿ ಎಲ್ಲರಿಗೂ ಗೊತ್ತು, ಆದರೆ ನಾವು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಬ್ಬದ ಹಸುವನ್ನು ಕಡಿದಾಗ ಹೊಟ್ಟೆಯೊಳಗೆ ಸಿಗುವ ಕರುವಿನ ಹೃದಯಕ್ಕೆ ಸೂಜಿ ಚುಚ್ಚಿ ಎಳೆದ ರಕ್ತದಿಂದ. ನಾನು ಎಷ್ಟೋ ವರ್ಷ ಆ ಬಾಟಲಿಗಳನ್ನು ಫ್ರೀಜರಿನಿಂದ ತೆಗೆದು ಕರಗಿಸಿದ್ದೇನೆ. ಕೆಂಪಿಯ ಕರುವನ್ನು ನೋಡುತ್ತ ಕೂತ ಆ ರಾತ್ರಿ ನನಗೆ ಆ ಬಾಟಲಿಗಳ ನೆನಪಾಗಿ ಕಣ್ಣು ತುಂಬಿತು. ದನದ ತಳಿ ಉಳಿಸುತ್ತೇವೆ ಎಂದು ಹೊರಟವರು ಹುಟ್ಟದ ಕರುವಿನ ರಕ್ತದಲ್ಲಿ ಆ ಕೆಲಸ ಮಾಡುವುದು ಬೇಡ. ಇದು ನನ್ನ ಮನಸ್ಸಿನ ಮಾತು; ನೀವು ಒಪ್ಪಲೇಬೇಕೆಂದಿಲ್ಲ.

ಆದರೆ ಮನಸ್ಸನ್ನು ಬದಿಗಿಟ್ಟರೂ ಲೆಕ್ಕ ಉಳಿಯುತ್ತದೆ. 1990ರ ದಶಕದಲ್ಲಿ ಸೀರಂ ಹಾಕಿದ, ಬೇರೆ ಕೋಶಗಳ ಜೊತೆ ಬೆಳೆಸಿದ ದನ ಮತ್ತು ಕುರಿಯ ಭ್ರೂಣಗಳಿಂದ ಮಿತಿಮೀರಿ ದೊಡ್ಡ ಮರಿಗಳು ಹುಟ್ಟತೊಡಗಿದವು. ಗಬ್ಬದ ದಿನ ಮೀರುವುದು, ಹೆರಿಗೆ ಕಷ್ಟವಾಗುವುದು, ಹುಟ್ಟಿದ ಕರು ಉಸಿರಾಡಲು ಒದ್ದಾಡುವುದು. 2001ರಲ್ಲಿ ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯ ಲೊರೇನ್ ಯಂಗ್ ಮತ್ತು ಸಂಗಡಿಗರು ಕುರಿಗಳಲ್ಲಿ ಇದರ ಒಂದು ಬೇರನ್ನು ಹಿಡಿದರು: ಬೆಳವಣಿಗೆಗೆ ಲಗಾಮು ಹಾಕುವ ಒಂದು ಜೀನಿನ ಮೇಲಿನ ರಾಸಾಯನಿಕ ಗುರುತು ಹನಿಯೊಳಗಿನ ಆ ಕೆಲವು ದಿನಗಳ ವಾಸದಲ್ಲೇ ಅಳಿಸಿಹೋಗಿತ್ತು. ಗಮನಿಸಿ, ಸೂಕ್ಷ್ಮದರ್ಶಕದ ಕೆಳಗೆ ಆ ಭ್ರೂಣಗಳು ಚೆನ್ನಾಗಿಯೇ ಕಾಣುತ್ತಿದ್ದವು. ಸೀರಂ ಇದ್ದರೆ ಬ್ಲಾಸ್ಟೋಸಿಸ್ಟ್ ಬೇಗ ಬರುತ್ತದೆ, ಉಬ್ಬಿ ನಿಲ್ಲುತ್ತದೆ. ಏಳನೆಯ ದಿನದ ಎಣಿಕೆಯಲ್ಲಿ ಅದಕ್ಕೇ ಗೆಲುವು. ಸೋಲು ತಿಳಿಯುವುದು ಒಂಬತ್ತು ತಿಂಗಳ ಮೇಲೆ, ಯಾರದೋ ಹಟ್ಟಿಯಲ್ಲಿ, ನಡುರಾತ್ರಿ.

ಗಿಡ್ಡ ಎಂದರೆ ಅದರ ಗಿಡ್ಡತನವೇ ಅದರ ಬಾಳು. ಗುಡ್ಡದ ಹುಲ್ಲು ಮೇಯ್ದು, ಎರಡು ಹೊತ್ತು ಸೇರಿ ಒಂದೆರಡು ಲೀಟರ್ ಹಾಲು ಕೊಟ್ಟು, ನಮ್ಮ ಮಳೆ ತಡೆದುಕೊಂಡು, ಯಾರ ಸಹಾಯವೂ ಇಲ್ಲದೆ ಕರು ಹಾಕುತ್ತದೆ. ಇಂಥ ದನದ ಸಣ್ಣ ಸೊಂಟದಲ್ಲಿ ಸೀರಂ ಕುಡಿದು ಬೆಳೆದ ದೊಡ್ಡ ಕರು ಸಿಕ್ಕಿಕೊಂಡರೆ ನಾವು ಏನು ಮಾಡಬೇಕು? ಮಿಶ್ರತಳಿಯ ದೊಡ್ಡ ಹಸುವಿನ ಗರ್ಭದಲ್ಲಿ ಇಡುತ್ತೇವೆ ಎನ್ನುತ್ತೀರೋ ಏನೋ. ತಾಯಿ ಬದುಕಬಹುದು. ಗಿಡ್ಡದ ಬೆಳವಣಿಗೆಯ ಲಗಾಮು ಕರುವಿನಲ್ಲಿ ಸರಿಯಾಗಿ ಉಳಿದಿದೆಯೇ ಎಂಬ ಪ್ರಶ್ನೆ ಹಾಗೆಯೇ ಇರುತ್ತದೆ.

ಒಮ್ಮೆ ಒಳ್ಳೆಯ ಉದ್ದೇಶದಿಂದಲೇ ನಮ್ಮ ರಾಜ್ಯ ತನ್ನ ಬಹುಪಾಲು ನಾಡದನಗಳನ್ನು ಕಳೆದುಕೊಂಡಿತು. 1961ರ ಕೇರಳ ಜಾನುವಾರು ಅಭಿವೃದ್ಧಿ ಕಾಯಿದೆ ಬಂದ ಮೇಲೆ ಪರವಾನಗಿ ಇಲ್ಲದ ನಾಡ ಹೋರಿಗಳ ಬೀಜ ಒಡೆಯುವುದು ನಿಯಮವಾಯಿತು. ಉದ್ದೇಶ ಹಾಲು ಹೆಚ್ಚಿಸುವುದು. ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಸೋಸಮ್ಮ ಐಪ್ ಅವರು 1989ರಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ವೆಚೂರು ದನಗಳನ್ನು ಹುಡುಕಿ ಹೊರಡುವ ಹೊತ್ತಿಗೆ ಆ ತಳಿ ಬೆರಳೆಣಿಕೆಗೆ ಇಳಿದಿತ್ತು. ನಮ್ಮ ಗಿಡ್ಡ ಗುಡ್ಡಗಾಡಿನ ಮೂಲೆಯಲ್ಲಿ ಇದ್ದುದರಿಂದ, ಡಾಕ್ಟರರ ಕೃತಕ ಗರ್ಭಧಾರಣೆಯ ಸೂಜಿ ಎಲ್ಲ ಹಟ್ಟಿಗೂ ಬೇಗ ತಲುಪದ್ದರಿಂದ ಉಳಿಯಿತು. ಈಗ ಬದಿಯಡ್ಕದ ಸರ್ಕಾರಿ ಫಾರ್ಮಿನಲ್ಲಿ, ಪೆರ್ಲದ ಹತ್ತಿರ ಬಜಕೂಡ್ಲಿನ ಗೋಶಾಲೆಯಲ್ಲಿ, ನಮ್ಮಂಥ ಕೆಲವರ ಹಟ್ಟಿಗಳಲ್ಲಿ ಇವೆ. ಇಷ್ಟೇ ಇರುವ ಮೂಲಧನ ಇದು. ಇದರ ಮೇಲೆ ಅವಸರದ ಪ್ರಯೋಗ ಸಲ್ಲದು.

ನೀವು ನನ್ನನ್ನು ಹಳೆಯ ಕಾಲದವರ ಸಾಲಿಗೆ ಸೇರಿಸಬೇಡಿ. 1990ರಲ್ಲಿ ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ ಪ್ರಥಮ್ ಎಂಬ ಎಮ್ಮೆಕರು ಹುಟ್ಟಿದಾಗ, ಪ್ರಣಾಳದಲ್ಲಿ ಫಲಿಸಿದ ಜಗತ್ತಿನ ಮೊದಲ ಎಮ್ಮೆಕರು ಅದು, ಊರೆಲ್ಲ ಹೇಳಿಕೊಂಡು ತಿರುಗಿದವರಲ್ಲಿ ನಾನೂ ಸೇರಿದ್ದೆ. ಒಂದು ಒಳ್ಳೆಯ ಗಿಡ್ಡ ಹಸು ತನ್ನ ಜೀವಮಾನದಲ್ಲಿ ಎಂಟು ಹತ್ತು ಕರು ಹಾಕೀತು. ನಿಮ್ಮ ವಿಧಾನದಿಂದ ಅದಕ್ಕಿಂತ ಎಷ್ಟೋ ಹೆಚ್ಚು ಕರುಗಳು ಬರಬಹುದು. ಬರಲಿ. ಅವುಗಳಿಗೆ ಮೊದಲ ಏಳು ದಿನ ಏನು ಬಡಿಸಿದಿರಿ ಎಂದು ನಮಗೆ ಹೇಳಿ, ಅಷ್ಟೇ.

ಅಲ್ಲಿಯೇ ತೊಡಕಿರುವುದು. ಇಂದು ಹೆಚ್ಚಿನ ಪ್ರಯೋಗಾಲಯಗಳು ಮೀಡಿಯಾವನ್ನು ಸಿದ್ಧವಾಗಿ ಕೊಂಡು ತರುತ್ತವೆ. ಬಾಟಲಿಯ ಮೇಲೆ ಯಾವ ಯಾವ ವಸ್ತು ಇದೆ ಎಂದು ಬರೆದಿರುತ್ತಾರೆ. ಎಷ್ಟೆಷ್ಟು ಎಂದು ಬಹುಪಾಲು ಬರೆದಿರುವುದಿಲ್ಲ, ಅದು ಕಂಪನಿಯ ಗುಟ್ಟು. ಮನುಷ್ಯರಲ್ಲಿ ಈ ಗುಟ್ಟಿನ ಬೆಲೆ ಏನೆಂದು 2010ರಲ್ಲಿ ನೆದರ್‌ಲೆಂಡ್ಸಿನ ಮಾಸ್ಟ್ರಿಕ್ಟ್‌ನಿಂದ ಜಾನ್ ಡುಮೌಲಿನ್ ಮತ್ತು ಸಂಗಡಿಗರು ತಿಳಿಸಿದರು. ಎರಡು ಬೇರೆ ಬೇರೆ ಮೀಡಿಯಾದಲ್ಲಿ ಬೆಳೆದ ಭ್ರೂಣಗಳಿಂದ ಹುಟ್ಟಿದ ಒಂಟಿ ಮಕ್ಕಳ ತೂಕದಲ್ಲಿ ಸರಾಸರಿ 245 ಗ್ರಾಂ ವ್ಯತ್ಯಾಸ. ಎರಡು ಮೂರು ದಿನ ಹನಿಯಲ್ಲಿ ಇದ್ದದ್ದಕ್ಕೆ, ಒಂಬತ್ತು ತಿಂಗಳ ನಂತರ ಕಾಲು ಕಿಲೋ! ತೂಗಿ ನೋಡಿದ್ದರಿಂದ ಅದು ಗೊತ್ತಾಯಿತು. ತೂಗದಿದ್ದರೆ ಇಬ್ಬರೂ ಆರೋಗ್ಯವಂತ ಮಕ್ಕಳು ಎಂದು ಬರೆದು ಮುಗಿಸುತ್ತಿದ್ದರು.

ನಮ್ಮ ಕಾಸರಗೋಡಿಗೆ ಈ ಪಾಠವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 20 ವರ್ಷಕ್ಕೂ ಹೆಚ್ಚು. 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸುವ ಹೊತ್ತಿಗೆ ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಒಂದು ತಲೆಮಾರು ನೋವು ತಿಂದಿತ್ತು. ಮೀಡಿಯಾವನ್ನು ಕೀಟನಾಶಕಕ್ಕೆ ಹೋಲಿಸುವುದು ಅನ್ಯಾಯ, ನಾನು ಹೋಲಿಸುತ್ತಿಲ್ಲ. ಏನು ಹಾಕಿದ್ದೀರಿ, ಆಮೇಲೆ ಏನಾಯಿತು ಎಂದು ಕೇಳುವ ಹಕ್ಕು ನಮಗೆ ಇದೆ. ಅದನ್ನು ಈ ಜಿಲ್ಲೆ ತುಂಬ ತಡವಾಗಿ ಪಡೆಯಿತು.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು. ಒಂದು ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು ನಮ್ಮ ಭ್ರೂಣಗಳು 8ರಿಂದ 16 ಕೋಶದ ಹಂತ ದಾಟಲೇ ಇಲ್ಲ. ಲವಣ ಬದಲಿಸಿದೆವು. ನೀರು ಬದಲಿಸಿದೆವು.  ಮೀಡಿಯಾ ನೂರಕ್ಕೆ 98 ಪಾಲು ನೀರೇ ಆದ್ದರಿಂದ ಎಲ್ಲರ ಸಂಶಯ ಮೊದಲು ಅದರ ಮೇಲೆ. ಇನ್‌ಕ್ಯುಬೇಟರ್ ತೊಳೆದೆವು, ಸಿಲಿಂಡರ್ ಬದಲಿಸಿದೆವು. ಕೊನೆಗೆ ಸಿಕ್ಕಿದ್ದು ಹನಿಗಳ ಮೇಲೆ ಹೊಯ್ಯುವ ಎಣ್ಣೆಯಲ್ಲಿ. ಕಪಾಟಿನಲ್ಲಿ ಜಾಗ ಇಲ್ಲವೆಂದು ನಾನು ಆ ಬಾಟಲಿಗಳನ್ನು ಕಿಟಕಿಯ ಬದಿಯಲ್ಲಿ ಸಾಲಾಗಿ ಇಟ್ಟಿದ್ದೆ. ಮಧ್ಯಾಹ್ನದ ಬಿಸಿಲು ತಾಗಿ ಎಣ್ಣೆಯಲ್ಲಿ ಪೆರಾಕ್ಸೈಡ್ ಹುಟ್ಟಿ, ಅದು ಕೆಳಗಿನ ಹನಿಗೆ ಇಳಿಯುತ್ತಿತ್ತು. ನೋಡಲು, ಮೂಸಲು ಎಣ್ಣೆ ಹಾಗೆಯೇ ಇತ್ತು. ಎರಡು ತಿಂಗಳ ಭ್ರೂಣಗಳ ಪಟ್ಟಿಯಲ್ಲಿ ಸಾಲುಸಾಲಾಗಿ ‘ನಿಂತಿದೆ’ ಎಂದು ನನ್ನ ಅಕ್ಷರದಲ್ಲೇ ಬರೆದಿದ್ದೇನೆ. ಆ ಪುಟಗಳನ್ನು ಹರಿದು ಬಿಸಾಡಲು ಮೇಲಿನವರು ಹೇಳಿದರು. ನಾನು ಬಿಸಾಡಲಿಲ್ಲ. ನೀವೂ ಬಿಸಾಡಬೇಡಿ, ಸತ್ತ ಭ್ರೂಣದಷ್ಟು ನಿಜ ಹೇಳುವ ಗುರು ಈ ವಿದ್ಯೆಯಲ್ಲಿ ಇನ್ನೊಬ್ಬರಿಲ್ಲ.

ನಿಮ್ಮಲ್ಲಿ ಹಲವರು ಮಣಿಪಾಲದಲ್ಲಿ ಕಲಿತವರು. ಅಲ್ಲಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸತೀಶ್ ಅಡಿಗರ ತಂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ (ದ್ರವದೊಳಗಿನ ಅಣುಗಳನ್ನು ಗುರುತಿಸುವ ವಿಧಾನ) ತಜ್ಞರೊಂದಿಗೆ ಸೇರಿ ಮನುಷ್ಯ ಭ್ರೂಣ ಬೆಳೆದು ಬಿಟ್ಟುಹೋದ ಹನಿಯನ್ನು ಪರೀಕ್ಷಿಸಿತು. ಆ ಕೆಲಸ 2013ರಲ್ಲಿ ಪ್ರಕಟವಾಯಿತು. ಉಂಡೆದ್ದ ಎಲೆ ನೋಡಿದರೆ ಯಾರು ಎಷ್ಟು ಉಂಡರು, ಏನು ಬಿಟ್ಟರು ಎಂದು ಬಡಿಸುವವರಿಗೆ ತಿಳಿಯುತ್ತದಲ್ಲ, ಹಾಗೆ. ಭ್ರೂಣವನ್ನು ಮುಟ್ಟದೆಯೇ ಅದರ ಹಸಿವು ತಿಳಿಯುವ ಈ ದಾರಿಯನ್ನು ಗಿಡ್ಡದ ಭ್ರೂಣಗಳಿಗೂ ತನ್ನಿ. ಅಂಡನಾಳವನ್ನು ಅನುಕರಿಸಬೇಕು ಎನ್ನುವವರು ಒಂದು ಕಡೆ, ಭ್ರೂಣವೇ ಆರಿಸಿಕೊಳ್ಳಲಿ ಎಂದು ಲೆಕ್ಕಾಚಾರದಿಂದ ಮೀಡಿಯಾ ತಿದ್ದಿದ ಬಿಗರ್ಸ್ ಅವರಂಥವರು ಇನ್ನೊಂದು ಕಡೆ. ಆ ವಾದ ಇನ್ನೂ ನಡೆದಿದೆ. ನನಗೆ ಎರಡೂ ಬೇಕು ಅನ್ನಿಸುತ್ತದೆ, ಆದರೆ ಶುರು ಮಾಡುವುದಾದರೆ ಗಿಡ್ಡದ ಅಂಡನಾಳದಿಂದ. ಸಹಜವಾಗಿ ಸತ್ತ ದನದ ಅಂಡನಾಳದ ದ್ರವದಲ್ಲಿ ಎಷ್ಟು ಲವಣ, ಎಷ್ಟು ಸಕ್ಕರೆ ಎಂದು ಯಾರಾದರೂ ಕೂತು ಅಳೆಯಬೇಕು. ಸೀರಂ ಬಿಡಿ. ಪ್ರೋಟೀನ್ ಬದಲಿಗೆ ಪಾಲಿವಿನೈಲ್ ಆಲ್ಕೋಹಾಲ್ ಹಾಕಿ ಬ್ಯಾವಿಸ್ಟರ್ ಹ್ಯಾಮ್‌ಸ್ಟರ್‌ಗೆ ಮೀಡಿಯಾ ಮಾಡಿದ್ದರು. ಬ್ಲಾಸ್ಟೋಸಿಸ್ಟ್ ಸ್ವಲ್ಪ ಕಡಿಮೆ ಬಂದರೆ ಬರಲಿ. ಇನ್‌ಕ್ಯುಬೇಟರಿನಲ್ಲಿ ಆಮ್ಲಜನಕವನ್ನು ನೂರಕ್ಕೆ 5 ಪಾಲಿಗೆ ಇಳಿಸಿ, ಸಾರಜನಕದ ಸಿಲಿಂಡರ್ ದುಬಾರಿ ಎಂದು ಬಿಡಬೇಡಿ. ನಿಮ್ಮ ಮೀಡಿಯಾದ ಪಾಕವನ್ನು ಗ್ರಾಂ ಗ್ರಾಂ ಲೆಕ್ಕದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಪ್ರಕಟಿಸಿ. ಯಾರಿಗೆ ಅರ್ಥವಾಗುತ್ತದೆ ಎಂದು ಕೇಳಬೇಡಿ. ಅಡಿಕೆಗೆ ಬೋರ್ಡೋ ದ್ರಾವಣ ಕಲಸುವ ನಮಗೆ ಸುಣ್ಣ ಮತ್ತು ಮೈಲುತುತ್ತಿನ ಲೆಕ್ಕ ಚೆನ್ನಾಗಿ ಗೊತ್ತಿದೆ.

ಮತ್ತೆ, ಕರು ಹುಟ್ಟಿದ ಮೇಲೆ ತೂಗಿ. ಗಬ್ಬದ ದಿನ ಎಣಿಸಿ. ಕರು ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕಾಯಿತು ಎಂದು ಬರೆದಿಡಿ. ಅದು ಹೋರಿಯೋ ಹಸುವೋ ಆಗಿ ಅದರ ಮಕ್ಕಳು ಹುಟ್ಟುವ ತನಕ ಹೀಗೆ ಬರೆಯುತ್ತಿರಿ. ಹೋಲಿಸಿ ನೋಡಲು ಸಹಜವಾಗಿ ಹುಟ್ಟಿದ ಗಿಡ್ಡಗಳ ಲೆಕ್ಕ ಬೇಕಾದರೆ ನನ್ನಲ್ಲಿ ಇದೆ. ಊರಿಗೆ ಬಂದ ಮೇಲೆ ನಮ್ಮ ಹಟ್ಟಿಯಲ್ಲಿ ಹುಟ್ಟಿದ ಪ್ರತಿ ಕರುವನ್ನೂ ಗೋಣಿಯಲ್ಲಿ ಕೂರಿಸಿ ಅಡಿಕೆ ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗಿದ್ದೇನೆ. ಹಿಟ್ಟಿನ ಅಂಗಡಿಯವರು ಕೊಟ್ಟ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಕೆಂಪಿಯ ಕರು 10 ಕಿಲೋ 400 ಗ್ರಾಂ ಇತ್ತು. ಗೋಣಿಯ ತೂಕ ಕಳೆದು. ಉಪ್ಪಳದಲ್ಲಿ ಬಸ್ಸಿಳಿದು ಬಾಯಾರಿಗೆ ಬನ್ನಿ, ಡೈರಿ ತೆಗೆದು ಕೊಡುತ್ತೇನೆ. ಬರುವಾಗ ನಿಮ್ಮ ಪುಸ್ತಕವನ್ನೂ ತನ್ನಿ.

ನಿಮ್ಮ ಒಳಿತನ್ನು ಬಯಸುವ,
ಬಾಯಾರಿನ ಒಂದು ಗಿಡ್ಡದ ಹಟ್ಟಿಯಿಂದ